ತಲೆಯಿಲ್ಲದ ಹಕ್ಕಿ

"ಈ ಹುಡುಗಿಯನ್ನು ನಾನು ನೋಡಿಯೇ ಇಲ್ಲ," ಎಂದರು ಮ್ಯೂಸಿಯಮ್ಮಿನ ಮುದುಕರು, ಓಕಿನೋ ಸಾನ್.

ಹಾಗೆನ್ನುವಾಗ ಅವರು ಫೋಟೋವನ್ನು ಸರಿಯಾಗಿ ನೋಡಿರಲೂ ಇಲ್ಲ. ಅವರ ಕಣ್ಣು ವೇದವಲ್ಲಿಯ ಹೆಗಲ ಮೇಲಿಂದ ಹಾಯ್ದು, ಬಾಗಿಲ ಬಳಿ ಒದ್ದೆ ಕೊಡೆ ಹಿಡಿದು ನಿಂತಿದ್ದ ರಾಘವನ ಮೇಲಿತ್ತು.

ವೇದವಲ್ಲಿ ಮೊಬೈಲನ್ನು ಇನ್ನಷ್ಟು ಮುಂದೆ ಚಾಚಿದಳು. ಪರದೆಯ ಮೇಲೆ ಆಕೆಯ ತಂಗಿ ಸ್ಫೂರ್ತಿ ಹಳದಿ ರೇನ್‌ಕೋಟು ತೊಟ್ಟು ನಗುತ್ತಿದ್ದಳು.

"ದಯವಿಟ್ಟು ಇನ್ನೊಮ್ಮೆ ನೋಡಿ. ನಮ್ಮ ಮನೆಯ ಹುಡುಗಿ. ಮೊನ್ನೆ ಬೆಳಿಗ್ಗೆ ಒಸಾಕಾದಲ್ಲಿ ರೈಲು ಹತ್ತಿ ಈ ಊರಿಗೆ ಬಂದಿದ್ದಾಳೆ. ಇಲ್ಲಿ ಇಳಿದದ್ದು ಸ್ಟೇಷನ್ನಿನ ಕ್ಯಾಮೆರಾದಲ್ಲಿದೆ. ವಾಪಸು ಹತ್ತಿದ್ದು ಎಲ್ಲೂ ಇಲ್ಲ."

"ಸುಮಿಮಾಸೆನ್," ಎಂದು ಮುದುಕರು ಕ್ಷಮೆ ಕೇಳುತ್ತ ತಲೆ ಬಾಗಿಸಿದರು. "ಗೊತ್ತಿಲ್ಲ."

ನಿನ್ನೆ ನಾಗಿಹಾಮಾಕ್ಕೆ ಬಂದಿಳಿದಾಗಿನಿಂದ ವೇದವಲ್ಲಿ ಕೇಳಿದ್ದು ಇದೊಂದೇ ಮಾತು. ಸ್ಟೇಷನ್ ಮಾಸ್ತರ ಸುಮಿಮಾಸೆನ್ ಎಂದ. ಕೊಂಬಿನಿ ಅಂಗಡಿಯ ಹುಡುಗಿ ಸುಮಿಮಾಸೆನ್ ಎಂದಳು. ವಯಸ್ಸಿಗೆ ಬಂದವರು, ತಾವಾಗಿಯೇ ಎಲ್ಲಿಗೋ ಹೋಗಿರಬಹುದು ಎಂದು ಪೊಲೀಸಿನವನೂ ಬಗ್ಗಿ ಬಗ್ಗಿ ಅದನ್ನೇ ಹೇಳಿದ. ಈ ಊರಿನಲ್ಲಿ ತಲೆ ಬಾಗದವರು ಒಬ್ಬರೂ ಇರಲಿಲ್ಲ; ತಂಗಿಯ ಸುಳಿವು ಕೊಟ್ಟವರೂ ಒಬ್ಬರಿರಲಿಲ್ಲ. ಕಂಬದ ಮೇಲಿನ ಧ್ವನಿವರ್ಧಕಗಳು ಮಾತ್ರ ಗಂಟೆಗೊಮ್ಮೆ ಕೂಗುತ್ತಿದ್ದವು: ವಿದೇಶಿ ಮಹಿಳೆ ಕಾಣೆಯಾಗಿದ್ದಾರೆ, ಹಳದಿ ಮಳೆಯಂಗಿ, ಕಂಡವರು ತಿಳಿಸಿ.

ಟೋಕಿಯೋದ ವಿಮಾ ಕಂಪನಿಯೊಂದರಲ್ಲಿ ಸುಳ್ಳು ಕ್ಲೇಮುಗಳನ್ನು ಹೆಕ್ಕಿ ತೆಗೆಯುವುದು ವೇದವಲ್ಲಿಯ ಕೆಲಸ. ಬೆಂಕಿ ತಾವೇ ಹಚ್ಚಿ ಅಳುವವರನ್ನು, ಸಾಯದ ಗಂಡನಿಗೆ ಕಣ್ಣೀರಿಡುವವರನ್ನು ಬೇಕಾದಷ್ಟು ಕಂಡವಳು. ಓಕಿನೋ ಸುಳ್ಳು ಹೇಳುತ್ತಿದ್ದಾರೆ ಎಂಬುದು ಆಕೆಗೆ ಅವರು ಬಾಯಿ ತೆರೆದ ಕೂಡಲೇ ಗೊತ್ತಾಗಿತ್ತು. ಯಾಕೆ ಎಂಬುದು ಮಾತ್ರ ಗೊತ್ತಾಗಲಿಲ್ಲ. ಊಟ ನಿದ್ದೆ ಬಿಟ್ಟ ತಲೆ ಅಷ್ಟು ದೂರ ಓಡುತ್ತಿರಲಿಲ್ಲ.

"ಅತ್ತಿಗೆ, ಇಲ್ಲಿ ಟೈಮ್ ವೇಸ್ಟ್," ಎಂದ ರಾಘವ ಮೆಲ್ಲಗೆ. ಸ್ಫೂರ್ತಿಗೆ ಗೊತ್ತುಮಾಡಿದ್ದ ಹುಡುಗ ಅವನು. ಬರುವ ಮಾಘದಲ್ಲಿ ಮದುವೆ. ಒಸಾಕಾದಲ್ಲಿ ಸಂಶೋಧಕ. ನಿನ್ನೆ ವೇದವಲ್ಲಿಯನ್ನು ಒಸಾಕಾದಿಂದ ಕಾರಿನಲ್ಲಿ ಕರೆತಂದವನೂ ಅವನೇ, ಅವಳಷ್ಟೇ ಕಂಗಾಲಾಗಿ ಬೀದಿ ಬೀದಿ ಅಲೆದವನೂ ಅವನೇ. ಗಡ್ಡ ಬೆಳೆದು, ಕಣ್ಣು ಕೆಂಪೇರಿತ್ತು. "ಈ ಮ್ಯೂಸಿಯಮ್ ತಾತಂಗೆ ಏನ್ ಗೊತ್ತಿರತ್ತೆ? ಪಕ್ಕದ ಊರಿನ ಆಸ್ಪತ್ರೆಗಳನ್ನಾದ್ರೂ ಚೆಕ್ ಮಾಡೋಣ. ಬೇಗ ಹೊರಡೋಣ ಬನ್ನಿ."

"ಒಂದ್ ನಿಮಿಷ ಇರು, ರಾಘವ."

ಆಕೆಯ ಕೈಯಲ್ಲಿದ್ದ ಸುಳಿವು ಒಂದೇ ಒಂದು. ಮೊನ್ನೆ ಬೆಳಿಗ್ಗೆ ಸ್ಫೂರ್ತಿ ಕಳಿಸಿದ್ದ ಕೊನೆಯ ಚಿತ್ರ: ರಸ್ತೆ ಮಧ್ಯದ ಮ್ಯಾನ್‌ಹೋಲಿನ ಕಬ್ಬಿಣದ ಮುಚ್ಚಳ. ಅದರ ಮೇಲೆ ಊರಿನ ಲಾಂಛನ: ವೃತ್ತದೊಳಗೆ ಮೂರು ಅಲೆ, ಮೇಲೆ ಬಿಚ್ಚಿದ ರೆಕ್ಕೆ. ಕೆಳಗೆ ಒಂದು ಸಾಲು: 'ಅಕ್ಕಾ, ಈ ಹಕ್ಕಿಗೆ ತಲೆ ಎಲ್ಲಿ ಹೇಳು ನೋಡೋಣ?'

ಆಗ ಆಫೀಸಿನ ಮೀಟಿಂಗಿನಲ್ಲಿದ್ದ ವೇದವಲ್ಲಿ ಒಂದು ನಗುಮುಖ ಒತ್ತಿ ಸುಮ್ಮನಾಗಿದ್ದಳು.

"ಓಕಿನೋ ಸಾನ್, ಇದರ ಅರ್ಥವನ್ನಾದರೂ ಹೇಳಿ," ಎಂದು ಆ ಚಿತ್ರ ತೋರಿಸಿದಳು. "ನಿಮ್ಮ ಊರಿನ ಲಾಂಛನ."

ಮುದುಕರು ಶಾಲಾ ಮಕ್ಕಳಿಗೆ ಹೇಳಿ ಹೇಳಿ ಸವೆದ ಧ್ವನಿಯಲ್ಲಿ ಶುರು ಮಾಡಿದರು. ಎಪ್ಪತ್ತು ವರ್ಷಗಳ ಹಿಂದೆ ಮೂರು ಮೀನುಗಾರರ ಹಳ್ಳಿಗಳು ಸೇರಿ ನಾಗಿಹಾಮಾ ಪಟ್ಟಣವಾಯಿತು. ಮೂರು ಅಲೆ ಎಂದರೆ ಆ ಮೂರು ಹಳ್ಳಿ. ಮೇಲೆ ರೆಕ್ಕೆ ಬಿಚ್ಚಿದ್ದು ಕಡಲಹಕ್ಕಿ, ಊರಿನ ಏಳಿಗೆಯ ಗುರುತು. ಸುತ್ತಲಿನ ವೃತ್ತ ಒಗ್ಗಟ್ಟು. ಬರೆದವರು ಆಗಿನ ಶಾಲೆಯ ಮೇಷ್ಟ್ರು.

"ಅರಿಗಾತೋ," ಎಂದ ರಾಘವ ಅವರ ಮಾತು ಮುಗಿಯುವುದಕ್ಕೂ ಕಾಯದೆ. "ಬನ್ನಿ ಅತ್ತಿಗೆ."

ಅಷ್ಟರಲ್ಲಿ ವೇದವಲ್ಲಿಯ ಕೈಯಲ್ಲೇ ಫೋನು ನಡುಗಿತು. ಮೈಸೂರಿನಿಂದ ಅಮ್ಮ. ತೆಗೆಯದೆ ವಿಧಿಯಿರಲಿಲ್ಲ; ಬೆಳಗಿನಿಂದ ಅದೆಷ್ಟು ಸಲ ಕತ್ತರಿಸಿದ್ದಳೋ.

"ವೇದಾ, ಸ್ಫೂರ್ತಿ ಫೋನ್ ಯಾಕೆ ಹತ್ತಲ್ಲ? ನೆನ್ನೆಯಿಂದ ನೋಡ್ತಿದೀನಿ."

"ಅವಳು ಯಾವ್ದೋ ಸಮುದ್ರದ ಕಡೆ ಫೀಲ್ಡ್ ವರ್ಕಿಗೆ ಹೋಗಿದಾಳಮ್ಮ. ಅಲ್ಲಿ ನೆಟ್‌ವರ್ಕ್ ಇರಲ್ಲ."

"ನಿನ್ ಧ್ವನಿ ಯಾಕೆ ಹಂಗಿದೆ?"

"ನೆಗಡಿ ಅಮ್ಮಾ. ಆಮೇಲ್ ಮಾಡ್ತೀನಿ."

ಫೋನ್ ಇಟ್ಟು ಗೋಡೆಗೆ ಒರಗಿ ನಿಂತಳು. ಬೇರೆಯವರ ಸುಳ್ಳು ಹಿಡಿದು ಹೊಟ್ಟೆ ಹೊರೆಯುವವಳು, ಹೆತ್ತ ತಾಯಿಗೆ ಎಷ್ಟು ಸಲೀಸಾಗಿ ಹೇಳಿಬಿಟ್ಟೆ ಎನಿಸಿತು.

ರಾಘವ ಅವಳ ಮುಖ ನೋಡಿ, "ನೀವ್ ಕೂತ್ಕೊಳಿ. ಕಾರ್ ಬಾಗಿಲಿಗೇ ತರ್ತೀನಿ," ಎಂದು ಹೊರಗೆ ಹೋದ.

ಅವನ ಹೆಜ್ಜೆ ಮೆಟ್ಟಿಲಿಳಿಯುವವರೆಗೂ ಓಕಿನೋ ಮಿಸುಕಲಿಲ್ಲ. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ಎರಡು ಹೆಜ್ಜೆ ಹತ್ತಿರ ಬಂದು, ಪಿಸುಮಾತಿನಲ್ಲಿ ಕರೆದರು.

"ಅಕ್ಕಾ ಸಾನ್."

ವೇದವಲ್ಲಿ ಗೋಡೆ ಬಿಟ್ಟು ನೆಟ್ಟಗಾದಳು.

ಆಕೆ ಇವರಿಗೆ ತನ್ನ ಹೆಸರನ್ನು ವೇದವಲ್ಲಿ ಎಂದಷ್ಟೇ ಹೇಳಿದ್ದಳು. ರಾಘವ ಕರೆಯುವುದು ಅತ್ತಿಗೆ ಎಂದು. ಅಮ್ಮನಿಗೆ ವೇದಾ. ಈ ಕಡಲತೀರದ ಊರಿನಲ್ಲಿ, ಕನ್ನಡದ ಗಾಳಿಯೇ ಸೋಕದ ಈ ಮುದುಕನ ಬಾಯಿಗೆ ಆ ಶಬ್ದ ಬರಬೇಕಾದರೆ ಅದನ್ನು ಅಲ್ಲಿ ಇಟ್ಟವಳು ಒಬ್ಬಳೇ.

ಒಂದೇ ನೆಗೆತಕ್ಕೆ ಬಾಗಿಲಿಗೆ ಹೋಗಿ, ಅದನ್ನು ಎಳೆದು ಮುಚ್ಚಿ, ಬೆನ್ನು ಕೊಟ್ಟು ನಿಂತಳು.

"ಆ ಪದ ನಿಮಗೆ ಯಾರು ಕಲಿಸಿದರು?"

ಮುದುಕರು ತುಟಿಯ ಮೇಲೆ ಬೆರಳಿಟ್ಟರು.

"ನೋಡಿಯೇ ಇಲ್ಲ ಎಂದಿರಿ. ನನ್ನನ್ನು ಹಾಗೆ ಕರೆಯುವವಳು ಈ ಭೂಮಿಯ ಮೇಲೆ ಒಬ್ಬಳೇ ಇದ್ದಾಳೆ. ಅವಳೆಲ್ಲಿ? ಏನು ಮಾಡಿದಿರಿ ಅವಳನ್ನು?" ಆಕೆಯ ಜಪಾನಿ ಭಾಷೆಯ ಮರ್ಯಾದೆಯ ಪ್ರತ್ಯಯಗಳೆಲ್ಲ ಕಳಚಿಬಿದ್ದಿದ್ದವು. "ಹೇಳದಿದ್ದರೆ ಇಲ್ಲಿಂದ ಹೊರಗೆ ಹೋಗಲು ಬಿಡುವುದಿಲ್ಲ. ಪೊಲೀಸರು ಬರಲಿ, ಊರೇ ಬರಲಿ."

"ದಯವಿಟ್ಟು ಮೆಲ್ಲಗೆ," ಎಂದರು ಓಕಿನೋ. "ನಾನು ನಿಮಗಾಗಿಯೇ ಕಾಯುತ್ತಿದ್ದೆ. ಅವರು ಹೇಳಿದ್ದರು, ಏನಾದರೂ ಆದರೆ ಅಕ್ಕ ಬರುತ್ತಾರೆ, ಅವರೊಬ್ಬರಿಗೇ ಹೇಳಿ, ಇನ್ಯಾರಿಗೂ ಬೇಡ ಎಂದು. ನೀವು ಒಬ್ಬರೇ ಬರಲಿಲ್ಲ."

"ಜೊತೆಗೆ ಬಂದವನು ಅವಳನ್ನು ಮದುವೆಯಾಗುವವನು!"

"ಅದು ನನಗೆ ಗೊತ್ತಿಲ್ಲ. ಇನ್ಯಾರಿಗೂ ಬೇಡ ಎಂದದ್ದಷ್ಟೇ ಗೊತ್ತು."

ಅವರು ಆಕೆಯ ತೋಳನ್ನು ಮೆಲ್ಲಗೆ ಹಿಡಿದು ಕಿಟಕಿಗೆ ಕರೆದೊಯ್ದರು. ಗಾಜಿನ ಆಚೆ ಮಳೆ ಹನಿಯುತ್ತಿತ್ತು. ಒತ್ತೊತ್ತಾದ ಹೆಂಚಿನ ಮನೆಗಳು, ಬೂದು ಬಣ್ಣದ ಕಡಲ ತಡೆಗೋಡೆ. ಅದರ ಪಕ್ಕದ ತಗ್ಗಿನಲ್ಲಿ ಕಟ್ಟಡವೊಂದಕ್ಕೆ ಅಡಿಪಾಯ ತೋಡುವ ಯಂತ್ರಗಳು. ಊರಿನ ಬೆನ್ನಿಗೆ ಬೆಟ್ಟ.

"ನಿಮ್ಮ ತಂಗಿ ಇಲ್ಲೇ ನಿಂತು ಕೇಳಿದರು, ಹಕ್ಕಿಗೆ ತಲೆ ಯಾಕಿಲ್ಲ ಎಂದು. ಕೊಕ್ಕಿಲ್ಲ, ಕಣ್ಣಿಲ್ಲ, ಬಾಲವಿಲ್ಲ. ಎಪ್ಪತ್ತು ವರ್ಷ ಊರಿನವರು ಯಾರೂ ಕೇಳಿರಲಿಲ್ಲ. ಹೊರಗೆ ನೋಡಿ, ಅಕ್ಕಾ ಸಾನ್. ಬೆಟ್ಟವನ್ನು ನೋಡಿ."

ವೇದವಲ್ಲಿ ನೋಡಿದಳು. ಎರಡು ಗುಡ್ಡಗಳು ಅಕ್ಕಪಕ್ಕ ನಿಂತಿದ್ದವು. ಎರಡರ ಇಳಿಜಾರೂ ಹೊರಕ್ಕೆ ಬಾಗಿ, ನಡುವೆ, ಊರಿಗಿಂತ ಬಹಳ ಎತ್ತರದಲ್ಲಿ, ಒಂದು ಕಣಿವೆ. ಮ್ಯಾನ್‌ಹೋಲಿನ ಮುಚ್ಚಳದ ಮೇಲಿದ್ದ ರೆಕ್ಕೆಗಳು ಕಲ್ಲು ಮಣ್ಣಾಗಿ ಊರಿನ ಮೇಲೆ ಬಿಚ್ಚಿಕೊಂಡಂತೆ ಕಂಡವು.

"ಅದು ಹಕ್ಕಿಯೇ ಅಲ್ಲ," ಎಂದಳು.

"ಅಲ್ಲ. ಮೂರು ಅಲೆಗಳು ಹಳ್ಳಿಗಳೂ ಅಲ್ಲ. ಸಮುದ್ರ ಮೂರು ಸಲ ಏರಿ ಬಂದು ಈ ತಗ್ಗಿನಲ್ಲಿದ್ದವರನ್ನೆಲ್ಲ ನುಂಗಿದೆ. ಒಂದೊಂದು ಗೆರೆ ಒಂದೊಂದು ಸಲ ನೀರು ಬಂದು ನಿಂತ ಮಟ್ಟ. ಆ ಎರಡು ಗುಡ್ಡಗಳ ನಡುವಿನ ಕಣಿವೆಗೆ ಓಡಿದವರು ಮಾತ್ರ ಉಳಿದರು. ಉಳಿದವರು ಅದನ್ನು ಕಲ್ಲಿನ ಮೇಲೆ ಕೆತ್ತಿ ದಡದಲ್ಲಿ ನಿಲ್ಲಿಸಿದ್ದರು. ಓದು ಬಾರದವರಿಗೂ ತಿಳಿಯಲಿ ಎಂದು ಬರೀ ಗುರುತು: ಮೂರು ಗೆರೆ, ಮೇಲೆ ಬೆಟ್ಟ. ಇಲ್ಲಿ ಮನೆ ಕಟ್ಟಬೇಡ, ಅಲ್ಲಿಗೆ ಓಡು. ಅಷ್ಟೇ ಅದರ ಮಾತು."

"ಆ ಕಲ್ಲು?"

"ಹಳ್ಳಿಗಳು ಸೇರಿ ಪಟ್ಟಣವಾದಾಗ ಈ ತಗ್ಗಿಗೆ ಮಣ್ಣು ತುಂಬಿ ಮನೆ ಕಟ್ಟಿದರು. ಅಂಥ ಕಲ್ಲು ಎದುರಿಗಿದ್ದರೆ ಯಾರು ಬಂದು ನೆಲೆಸುತ್ತಾರೆ? ಕಿತ್ತು ಮರೆಮಾಡಿದರು. ಅದೇ ವಾರ ಶಾಲೆಯ ಮೇಷ್ಟ್ರಿಗೆ ಊರಿಗೊಂದು ಲಾಂಛನ ಬರೆದುಕೊಡು ಎಂದರು. ಅವರು ನನ್ನ ತಂದೆ." ಓಕಿನೋ ಕಿಟಕಿಯ ಗಾಜಿನ ಮೇಲೆ ಬೆರಳಿಟ್ಟರು. "ಅಪ್ಪ ಎದುರು ಮಾತಾಡಲಿಲ್ಲ. ಕಲ್ಲಿನ ಮೇಲಿದ್ದದ್ದನ್ನೇ ಹಾಗೆಯೇ ಬರೆದುಕೊಟ್ಟು, ಮೂರು ಹಳ್ಳಿ, ಒಂದು ಹಕ್ಕಿ ಎಂದುಬಿಟ್ಟರು. ಕೇಳಿದವರು ಚಪ್ಪಾಳೆ ತಟ್ಟಿದರು. ಇವತ್ತು ಮಕ್ಕಳ ಟೋಪಿಯ ಮೇಲೆ ಅದೇ ಇದೆ, ಕಸದ ಚೀಲದ ಮೇಲೂ ಅದೇ. ಈ ಊರು ಪ್ರತಿದಿನ ತನ್ನ ಎಚ್ಚರಿಕೆಯನ್ನು ತಾನೇ ತುಳಿದುಕೊಂಡು ಓಡಾಡುತ್ತಿದೆ."

ವೇದವಲ್ಲಿಯ ಕಣ್ಣು ಮತ್ತೆ ತಗ್ಗಿನಲ್ಲಿದ್ದ ಯಂತ್ರಗಳ ಕಡೆ ಹೋಯಿತು. "ಅಲ್ಲೇನು ಕಟ್ಟುತ್ತಿದ್ದಾರೆ?"

"ಮುದುಕರ ಆರೈಕೆ ಮನೆ. ನಡೆಯಲಾಗದವರಿಗೆ. ನೀರು ಇಷ್ಟು ಒಳಗೆ ಬರುವುದಿಲ್ಲ ಎಂದು ಒಸಾಕಾದ ಒಂದು ಸಂಶೋಧನಾ ಸಂಸ್ಥೆ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಕೊಟ್ಟಿದೆ. ಕಲ್ಲು ಸಿಕ್ಕಿದರೆ ಆ ಲೆಕ್ಕ ಸುಳ್ಳಾಗುತ್ತದೆ. ಅದಕ್ಕೇ ನಿಮ್ಮ ತಂಗಿಗೆ ಕಲ್ಲು ಬೇಕಿತ್ತು. ಅದನ್ನು ಎಲ್ಲಿ ಮರೆಮಾಡಿದರು ಎಂದು ನಾನು ಹೇಳಿದೆ. ಅಲ್ಲಿನ ಬಾಗಿಲ ಕೀಲಿಯನ್ನೂ ಕೊಟ್ಟೆ."

"ಎಲ್ಲಿ?"

"ತಡೆಗೋಡೆಯ ಕೆಳಗೆ ಒಂದು ಹಳೆಯ ತೂಬಿದೆ, ಗದ್ದೆಗಳ ನೀರು ಕಡಲಿಗೆ ಹೋಗುತ್ತಿದ್ದ ಸುರಂಗ. ಕಲ್ಲು ಅದರೊಳಗಿನ ಗೋಡೆಯಲ್ಲಿದೆ. ಇಳಿತದ ಹೊತ್ತಿನಲ್ಲಷ್ಟೇ ಹೋಗಬಹುದು. ಅವರು ಮೊನ್ನೆ ಬೆಳಿಗ್ಗೆ ಹೋದರು. ಸಂಜೆಯಾದರೂ ಕೀಲಿ ವಾಪಸು ಬರಲಿಲ್ಲ. ನೋಡಲು ಹೋದೆ." ಅವರು ಕಿಟಕಿಗೆ ಬೆನ್ನು ಮಾಡಿದರು. "ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು. ತಟ್ಟಿದೆ, ಕರೆದೆ. ಅಲೆಗಳ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಕೆಲಸ ಮುಗಿಸಿ ಬೀಗ ಹಾಕಿಕೊಂಡು ಹೋಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಇನ್ನೊಂದು ಕೀಲಿ ಈ ಮೇಜಿನಲ್ಲೇ ಇತ್ತು. ತಂದು ತೆರೆಯಲು ಹೆದರಿದೆ."

"ಹೆದರಿದಿರಾ?" ವೇದವಲ್ಲಿಗೆ ಅವರನ್ನು ಹೊಡೆಯಬೇಕೆನಿಸಿತು. ಕೈ ಎತ್ತಿಯೂ ಇದ್ದಳೇನೋ. "ಒಳಗೆ ಅವಳು ಬದುಕಿದ್ದಿದ್ದರೆ? ಎರಡು ದಿನ, ಓಕಿನೋ ಸಾನ್! ಒಳಗೆ ನೀರು ಎಲ್ಲಿಯವರೆಗೆ ಬರುತ್ತದೆ?"

"ಕಲ್ಲಿನ ಬುಡದಲ್ಲಿ ಒಂದು ಕಟ್ಟೆಯಿದೆ. ಅಲ್ಲಿಯವರೆಗೆ ದಿನದ ಉಬ್ಬರ ಬರುವುದಿಲ್ಲ." ಅವರು ಮೇಜಿನ ಖಾನೆ ಎಳೆದು ತುಕ್ಕು ಹಿಡಿದ ಕೀಲಿಯೊಂದನ್ನು ತೆಗೆದರು. "ಈಗ ನೀರು ಏರಲು ಶುರುವಾಗಿದೆ. ಇವತ್ತು ಹೋಗುವುದಾದರೆ ಈಗಲೇ. ನಾವಿಬ್ಬರೇ, ಹಿಂದಿನ ಬಾಗಿಲಿಂದ."

ಹೊರಗೆ ಕಾರಿನ ಹಾರ್ನ್ ಕೇಳಿಸಿತು.

ತಡೆಗೋಡೆ ಇಲ್ಲಿಂದ ನಡೆದುಹೋಗುವಷ್ಟು ಹತ್ತಿರವಿರಲಿಲ್ಲ. ಮುದುಕರ ಕಾಲು ನೋಡಿದಳು, ಕಿಟಕಿಯಾಚೆ ಉಬ್ಬುತ್ತಿದ್ದ ಕಡಲು ನೋಡಿದಳು. ತಂಗಿ ಅಲ್ಲಿ ಬಿದ್ದಿದ್ದರೆ ಎತ್ತಿ ತರಲು ಒಂದು ಗಟ್ಟಿ ಜೀವ ಬೇಡವೇ?

"ಅವನು ನಮ್ಮವನು," ಎಂದಳು. ಬಾಗಿಲು ತೆರೆದು ಕೂಗಿದಳು: "ರಾಘವಾ! ಟಾರ್ಚ್ ಇದ್ಯಾ ಕಾರಲ್ಲಿ?"

ಓಕಿನೋ ಕಣ್ಣು ಮುಚ್ಚಿಕೊಂಡರು.

ಕಾರಿನಲ್ಲಿ ವೇದವಲ್ಲಿ ಎಲ್ಲವನ್ನೂ ರಾಘವನಿಗೆ ಒಂದೇ ಉಸಿರಿಗೆ ಹೇಳಿದಳು. ವೈಪರ್ ಆಚೀಚೆ ಹೊರಳುತ್ತಿತ್ತು. ಕೊನೆಗೆ, "ಆ ತೂಬು ಸೇಫ್ ಅಲ್ಲ, ಅತ್ತಿಗೆ. ಫೈರ್ ಬ್ರಿಗೇಡ್‌ಗೆ ಫೋನ್ ಮಾಡೋಣ," ಎಂದ.

"ಅವ್ರು ಬರೋಷ್ಟರಲ್ಲಿ ನೀರ್ ತುಂಬತ್ತೆ. ನಿಂಗೆ ಭಯ ಆದ್ರೆ ಇಲ್ಲೇ ಇರು."

"ನಾನ್ ಬರ್ತೀನಿ," ಎಂದ ಅವನು, ಮುಂದಿನ ರಸ್ತೆಯನ್ನೇ ನೋಡುತ್ತ.

ತಡೆಗೋಡೆಯ ಮೆಟ್ಟಿಲಿಳಿಯುವಾಗ ನೀರು ಪಾದ ಮುಳುಗುವಷ್ಟಿತ್ತು. ಪಾಚಿಗಟ್ಟಿದ ಬಂಡೆಗಳ ಮೇಲೆ ಮುಗ್ಗರಿಸುತ್ತ ತೂಬಿನ ಬಾಯಿಗೆ ಮುಟ್ಟುವಾಗ ಮೊಣಕಾಲಿಗೆ ಬಂದಿತ್ತು. ಓಕಿನೋ ಎರಡು ಸಲ ಜಾರಿದರು. ಎರಡು ಸಲವೂ ರಾಘವನೇ ಹಿಡಿದು ನಿಲ್ಲಿಸಿದ.

ಕಬ್ಬಿಣದ ಬಾಗಿಲಿಗೆ ದೊಡ್ಡ ಬೀಗ. ಮುದುಕರಿಗೆ ಕೀಲಿ ಕೂರಿಸಲಾಗಲಿಲ್ಲ. ವೇದವಲ್ಲಿ ಕಸಿದುಕೊಂಡು ತಿರುಗಿಸಿದಳು. ಬೀಗ ಬಿಚ್ಚಿತು. ಬಾಗಿಲಿಗೆ ಭುಜ ಕೊಟ್ಟು ನೂಕುತ್ತ, "ಸ್ಫೂರ್ತೀ!" ಎಂದು ಕಿರುಚಿದಳು. ಆ ಕೂಗು ಸುರಂಗದೊಳಗೆ ಹೊರಳಿ ಹೊರಳಿ ಅವಳಿಗೇ ವಾಪಸು ಬಂತು. ಬೇರೆ ಉತ್ತರ ಬರಲಿಲ್ಲ.

ಮೊಬೈಲಿನ ಬೆಳಕು ಹಿಡಿದು ಮುನ್ನುಗ್ಗಿದಳು. ಹಿಂದೆ ಓಕಿನೋ, ಅವರ ಹಿಂದೆ ರಾಘವನ ಟಾರ್ಚ್. ನೀರಿನಲ್ಲಿ ಪಾಚಿಯ ನಾತ. ಒಂದಿಷ್ಟು ದೂರ ಹೋದ ಮೇಲೆ ನೆಲ ಏರಿತು. ಮುದುಕರು ಹೇಳಿದ್ದ ಕಟ್ಟೆ ಸಿಕ್ಕಿತು. ಅದರ ಮೇಲೆ ಹಳದಿಯದೇನೋ ಕಂಡಿತು.

ಹಾರಿ ಹಿಡಿದಳು. ಬರಿಯ ರೇನ್‌ಕೋಟು; ಸ್ಫೂರ್ತಿ ಎಲ್ಲೂ ಇರಲಿಲ್ಲ. ಒಂದು ತೋಳು ಹರಿದಿತ್ತು. ಅದನ್ನು ಎದೆಗೆ ಒತ್ತಿಕೊಂಡು ಅಲ್ಲೇ ಮೊಣಕಾಲೂರಿದಳು. ತಂಗಿಯ ವಾಸನೆಯೇನೂ ಅದರಲ್ಲಿ ಉಳಿದಿರಲಿಲ್ಲ, ಉಪ್ಪುನೀರಿನ ವಾಸನೆಯಷ್ಟೇ. ಅಳು ಬರಲಿಲ್ಲ. ಅಳು ಬರುವ ಜಾಗದಲ್ಲಿ ಏನೋ ಒಣಗಿ ಬಿರಿದಂತಾಯಿತು.

"ಅಕ್ಕಾ ಸಾನ್," ಎಂದರು ಓಕಿನೋ. "ಕಲ್ಲು."

ತಲೆಯೆತ್ತಿದಳು. ಗೋಡೆಯಲ್ಲಿ ಆಳೆತ್ತರದ ಕರಿಗಲ್ಲು. ಸವೆದ ಕೆತ್ತನೆ ಎದ್ದು ಕಾಣಲೆಂದು ಸ್ಫೂರ್ತಿ ಅದರ ಮೇಲೆ ಸೀಮೆಸುಣ್ಣ ತಿಕ್ಕಿದ್ದಳು. ಮೂರು ಗೆರೆ, ಮೇಲೆ ಎರಡು ಇಳಿಜಾರು. ಮಕ್ಕಳ ಟೋಪಿಯ ಮೇಲಿರುವುದೇ, ಕೂದಲೆಳೆಯಷ್ಟೂ ಬದಲಾಗದೆ.

ಅದರ ಕೆಳಗೆ, ಕಲ್ಲಿನ ಬುಡದಲ್ಲಿ, ಅದೇ ಸೀಮೆಸುಣ್ಣದ ಇನ್ನೊಂದು ಬರಹವಿತ್ತು. ಸೊಟ್ಟ ಅಕ್ಷರ, ಕತ್ತಲಲ್ಲಿ ತಡವಿ ತಡವಿ ಬರೆದಂತಿತ್ತು. ಕನ್ನಡ.

'ಅಕ್ಕಾ, ರಾಘವನನ್ನು ನಂಬಬೇ'

ಅಲ್ಲಿಗೆ ನಿಂತಿತ್ತು. ಮುಂದಿನ ಅಕ್ಷರದ ಜಾಗದಲ್ಲಿ ಬಿಳಿಯ ಕಲೆಯೊಂದು ಹರಡಿತ್ತು. ಮೇಲಿನಿಂದ ತೊಟ್ಟಿಕ್ಕುವ ನೀರು ಅದನ್ನು ತೊಳೆದಿತ್ತೋ, ಯಾರದೋ ಅಂಗೈ ಒರೆಸಿತ್ತೋ.

ನಂಬಬೇಕು? ನಂಬಬೇಡ?

ಒಸಾಕಾದ ಸಂಶೋಧನಾ ಸಂಸ್ಥೆ. ಆ ಮಾತು ಈಗ, ಇಷ್ಟು ತಡವಾಗಿ, ಆಕೆಯ ತಲೆಗೆ ಸುತ್ತಿಗೆಯಂತೆ ಬಡಿಯಿತು. ಒಸಾಕಾದಲ್ಲಿ ರಾಘವ ಸಂಶೋಧನೆ ಮಾಡುವುದು ಯಾವುದರ ಬಗ್ಗೆ? ಅಲೆಗಳ ಬಗ್ಗೆ ಎಂದು ಸ್ಫೂರ್ತಿ ಒಮ್ಮೆ ನಗುತ್ತ ಹೇಳಿದ್ದಳು. ಆದರೆ ಎರಡು ದಿನ ತನ್ನ ಜೊತೆ ಹಸಿದು ಅಲೆದವನು, ಈಗಷ್ಟೇ ಈ ಮುದುಕರನ್ನು ಬೀಳದಂತೆ ಹಿಡಿದವನು? ಸಾಯುವ ಭಯದಲ್ಲಿದ್ದ ಹುಡುಗಿ ಕೊನೆಗೆ ಬರೆದದ್ದು, ಅವನನ್ನು ನಂಬು, ಅವನೊಬ್ಬನನ್ನೇ ನಂಬು ಎಂದಾಗಿದ್ದರೆ?

"ಏನು ಬರೆದಿದೆ?" ಎಂದು ಓಕಿನೋ ಜಪಾನಿಯಲ್ಲಿ ಕೇಳಿದರು.

ವೇದವಲ್ಲಿ ನಾಲಿಗೆಯಿಂದ ತುಟಿ ಸವರಿಕೊಂಡಳು. ರಾಘವ ಹುಟ್ಟಿ ಬೆಳೆದದ್ದು ಪುಣೆಯಲ್ಲಿ. ಕನ್ನಡದ ಮಾತು ಬರುತ್ತದೆ. ಓದು?

"ದೇವರ ಹೆಸರು," ಎಂದಳು ಜಪಾನಿಯಲ್ಲಿ. ಮತ್ತೆ ಅದನ್ನೇ ಕನ್ನಡದಲ್ಲಿ, ಹಿಂದೆ ತಿರುಗದೆ: "ದೇವ್ರ ಹೆಸ್ರು ಬರ್ದಿದಾಳೆ, ರಾಘವ. ಭಯ ಆಗಿರ್ಬೇಕು ಪಾಪ. ನಡಿ, ಹೋಗೋಣ. ನೀರ್ ಏರ್ತಿದೆ."

ಟಾರ್ಚಿನ ಬೆಳಕು ಕಲ್ಲಿನ ಮೂರು ಗೆರೆಗಳ ಮೇಲಿಂದ ನಿಧಾನವಾಗಿ ಜಾರಿ, ಆ ಸೊಟ್ಟ ಅಕ್ಷರಗಳ ಮೇಲೆ ಬಂದು ನಿಂತಿತು. ಮೊದಲಿನಿಂದ ಕೊನೆಯವರೆಗೆ, ಬೆರಳಿಟ್ಟು ಓದುವವರ ಹಾಗೆ, ಒಂದೊಂದೇ ಅಕ್ಷರ ದಾಟಿಕೊಂಡು ಹೋಯಿತು.

ವೇದವಲ್ಲಿ ತಿರುಗಿದಳು. ರಾಘವನ ಬಲಗೈಯಲ್ಲಿ ಟಾರ್ಚ್ ಇತ್ತು. ಎಡಗೈಯಲ್ಲಿ, ಆಕೆ ಅವಸರದಲ್ಲಿ ಬಾಗಿಲಿನಲ್ಲೇ ಬಿಟ್ಟು ಬಂದಿದ್ದ ಬೀಗ, ಅದಕ್ಕೆ ಸಿಕ್ಕಿಸಿದ ಕೀಲಿಯ ಸಮೇತ.

"ಕೊನೇ ಅಕ್ಷರ ಇಲ್ಲ," ಎಂದ ಅವನು. ಅವನ ಧ್ವನಿಯಲ್ಲಿದ್ದದ್ದು ನೋವೋ ಬೆದರಿಕೆಯೋ ಆಕೆಗೆ ತಿಳಿಯಲಿಲ್ಲ. "ನೀವೇನಂತ ಓದ್ಕೊಂಡ್ರಿ, ಅತ್ತಿಗೆ? 'ಕು' ಅಂತಲೋ, 'ಡ' ಅಂತಲೋ?"